ತವರು ಪಂದ್ಯ ಮತ್ತು ಶೇಂಗಾ ಉಂಡಿ

ಹುಬ್ಬಳ್ಳಿ, ನಾಗರ ಪಂಚಮಿಯ ಮರುದಿನ, ೨೧೨೧

ಕಸ್ತೂರಿ ಮುತ್ತಜ್ಜಿಗೆ, ಇನ್ನೂ ಹುಟ್ಟದ ಮರಿಮಗಳು ನೀಲಗಂಗಾ ಮಾಡುವ ನಮಸ್ಕಾರ.

ಮೇಲಿನ ಇಸವಿ ನೋಡಿ ಹೆದರಬೇಡ, ಕೈತಪ್ಪಿ ಬರೆದದ್ದಲ್ಲ. ನನ್ನ ಕನ್ನಡದ ಕೆಲವು ಪದಗಳು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ನನಗೀಗ ಐವತ್ತಾರು ವರ್ಷ, ನಿನ್ನ ಇವತ್ತಿನ ವಯಸ್ಸಿಗಿಂತ ಹತ್ತು ಹೆಚ್ಚು. ಆದ್ದರಿಂದ ನಾಲ್ಕು ಮಾತು ಬೈಯುವ ಹಕ್ಕೂ ನನಗಿದೆ ಎಂದುಕೊಂಡಿದ್ದೇನೆ.

ನಿನಗೆ ಗೊತ್ತಿರುವ ‘ತವರು’ ನಮ್ಮ ಕಾಲದಲ್ಲಿ ಬೇರೆಯೇ ಆಗಿದೆ. ಪ್ರತಿ ವರ್ಷ ಫುಟ್‌ಬಾಲ್ ಲೀಗಿನವರು ಜಗತ್ತಿನ ಊರುಗಳನ್ನೆಲ್ಲ ಕರೆದು ತಂಡಗಳನ್ನು ಹರಾಜು ಹಾಕುತ್ತಾರೆ. ಗೆದ್ದ ಊರೇ ಆ ವರ್ಷ ತಂಡದ ತವರು. ಇದಕ್ಕೆ ತವರು-ಸರದಿ ಎಂದು ಹೆಸರು. ನಿನ್ನ ಪ್ರೀತಿಯ ವರ್ಕ್‌ಶಾಪ್ ಇಲೆವೆನ್ ತಂಡಕ್ಕೆ ಈ ಸಲ ಸಮುದ್ರದಾಚೆಯ ಊರೊಂದು ತವರು. ಅದರ ಹೆಸರು ಹೇಳಲು ನನಗೆ ನಾಲಿಗೆ ಹೊರಳುವುದಿಲ್ಲ. ಆಟಗಾರರ ಅಂಗಿಯ ಮೇಲೆ ಇಪ್ಪತ್ತಮೂರು ಕಂಪನಿಗಳ ಹೆಸರು, ತಂಡದ ಹೆಸರು ಕಾಲರಿನ ಒಳಗಡೆ. ಮೂಗಿಗಿಂತ ಮೂಗುತಿ ಭಾರ. ಗದಗ ರಸ್ತೆಯ ನಮ್ಮ ಮೈದಾನದಲ್ಲಿ ಈಗ ನಡೆಯುವುದು ನೆರಳಾಟ. ಅಂದರೆ ಅಲ್ಲಿ ಆಡುವವರ ಆಕಾರ ಬೆಳಕಾಗಿ ಇಲ್ಲಿಯ ಹುಲ್ಲಿನ ಮೇಲೆ ಓಡಾಡುತ್ತದೆ. ಚೆನ್ನಾಗಿಯೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಬೆವರಿನ ವಾಸನೆ ಮಾತ್ರ ಇರುವುದಿಲ್ಲ.

ಆದರೆ ನೀವು ಹೆಂಗಸರು ಶುರು ಮಾಡಿದ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಮರುದಿನದ ಪಂದ್ಯಕ್ಕೆ ಹೋಗುವುದು, ತಂಡ ಗೆಲ್ಲಲಿ ಸೋಲಲಿ, ಬೇಲಿಯಾಚೆ ಕೈಚಾಚಿ ಗೋಲ್‌ಕೀಪರ್‌ಗೆ ಶೇಂಗಾ ಉಂಡಿ ಕೊಡುವುದು, ಅವನು ಅಲ್ಲೇ ಕಡಿದು ತಿನ್ನುವುದು. ಇವತ್ತು ನಾನೂ ಕೊಟ್ಟೆ. ಉಂಡಿ ಅವನ ಬೆಳಕಿನ ಅಂಗೈಯೊಳಗಿಂದ ಹಾದು ಹುಲ್ಲಿಗೆ ಬಿತ್ತು. ಪ್ರತಿ ವರ್ಷ ಹೀಗೇ ಬೀಳುತ್ತದೆ, ಇರುವೆಗಳಿಗೆ ಹಬ್ಬವಾಯಿತು ಎಂದು ನಾವು ನಗುತ್ತೇವೆ. ಈ ವರ್ಷ ಮಾತ್ರ ನನಗೆ ಅಳು ಬಂತು.

ಯಾಕೆಂದರೆ ಹೋದ ವಾರ ಕ್ಲಬ್ಬಿನ ಹಳೆಯ ನಡಾವಳಿ ಪುಸ್ತಕ ನನ್ನ ಕೈಗೆ ಸಿಕ್ಕಿತ್ತು. ನಿನಗೆ ಬರುವ ಭಾನುವಾರ ನಡೆಯಲಿರುವ ಸಭೆ ಅದರಲ್ಲಿದೆ. ಪಂಚಮಿ ಪಂದ್ಯವನ್ನು ‘ಒಂದೇ ಒಂದು ವರ್ಷ’ ಹೊರದೇಶದಲ್ಲಿ ಆಡಿಸುವ ಠರಾವು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಪರವಾಗಿ ಏಳು ಕೈ, ವಿರುದ್ಧ ಆರು. ಸಮ ಬಿದ್ದರೆ ಠರಾವು ಬಿದ್ದಂತೆ ಎಂಬುದು ಕ್ಲಬ್ಬಿನ ನಿಯಮ. ಆ ಏಳನೆಯ ಕೈ ನಿನ್ನದು, ಮುತ್ತಜ್ಜಿ. ನೀನು ಆಡಿದ ಮಾತನ್ನೂ ಕಾರ್ಯದರ್ಶಿ ಇದ್ದ ಹಾಗೇ ಬರೆದಿಟ್ಟಿದ್ದಾನೆ: “ಮಗಳನ್ನ ದೂರ ಕೊಟ್ರ ಏನಾತು? ಪಂಚಮಿಗೆ ಹೊಳ್ಳಿ ಬಂದಽ ಬರ್ತಾಳ.”

ಎಷ್ಟು ಚೆಂದದ ಮಾತು. ನೀನು ತಪ್ಪಿದ್ದೂ ಅಲ್ಲೇ. ಪಂದ್ಯ ನಮಗೆ ಮಗಳಾಗಿರಲಿಲ್ಲ. ಮಗಳಾಗಿದ್ದವರು ನಾವು, ಪಂದ್ಯವೇ ನಮ್ಮ ತವರಾಗಿತ್ತು. ಎಷ್ಟು ದೂರ ಕೊಟ್ಟರೂ ಮಗಳು ಹೊಳ್ಳಿ ಬರಬಹುದು. ತವರೇ ಎದ್ದು ಹೋದರೆ ಅವಳು ಯಾರ ಮನೆಗೆ ಬರಬೇಕು?

ನಿನ್ನ ಮೇಲೆ ಸಿಟ್ಟಿಲ್ಲ. ಹೊರದೇಶದ ದುಡ್ಡಿನಿಂದ ಹೊಸ ಹುಲ್ಲು, ಹೊಸ ದೀಪ, ಆಟಗಾರರಿಗೆ ಒಳ್ಳೆಯ ಬೂಟು ಬರುತ್ತವೆ ಎಂದು ನೀನು ಆಸೆಪಟ್ಟೆ. ಅವು ಬಂದವು ಕೂಡ. ನಿನ್ನ ಉಂಡಿಯ ಹದ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದಿದೆ. ಅಂಥ ಕೈಯನ್ನು ದೂರಲು ಮನಸ್ಸು ಬರುವುದಿಲ್ಲ. ಆ ಕೈ ನೀನು ಎತ್ತದೇ ಹೋದರೆ ಈ ಪತ್ರ ಬರೆಯುವ ಪ್ರಸಂಗವೇ ಇರುವುದಿಲ್ಲ, ನಿನ್ನ ಜೊತೆ ಮಾತಾಡುವ ಈ ಸುಖವೂ ನನಗೆ ತಪ್ಪುತ್ತದೆ. ತಪ್ಪಲಿ.

ಒಂದೇ ಬೇಡಿಕೆ. ಭಾನುವಾರ ಸಭೆಗೆ ಬರಿಗೈಯಲ್ಲಿ ಹೋಗಬೇಡ. ಎರಡೂ ಕೈಯಲ್ಲಿ ಒಂದೊಂದು ಉಂಡಿ ಹಿಡಿದುಕೊಂಡು ಕೂತಿರು. ಪರವಾಗಿರುವವರು ಕೈ ಎತ್ತಿ ಎಂದಾಗ, ಅವನ್ನು ಕೆಳಗಿಡಬೇಡ.

ನಿನ್ನ
ನೀಲಗಂಗಾ