ಪರದೆಯ ಮೇಲಿನ ಗದ್ದ

ಮಾರ್ಚ್ ೧೧, ಮಂಗಳವಾರ

ಅಮ್ಮನ ಬೆರಳು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಮ್ಮನ ಜೊತೆ ಜಗಳವಾಡಿ ಮಾತು ಬಿಟ್ಟಿದ್ದ ಅಕ್ಕ ಇವತ್ತು ತಾನಾಗಿಯೇ ವಿಡಿಯೊ ಕಾಲ್ ಮಾಡಿದಳು. ಅಮ್ಮ ಮೊಬೈಲನ್ನು ತುಂಬಿದ ಬಟ್ಟಲಿನಂತೆ ಹಿಡಿದಿದ್ದಳು. “ಎಷ್ಟು ಇಳಿದೋಗಿದ್ದೀಯೇ!” ಎನ್ನುತ್ತ ಪರದೆಯಲ್ಲೇ ಅವಳ ಗದ್ದ ಹಿಡಿಯಲು ಹೋದಳು. ಕೆಂಪು ಗುಂಡಿ ಇದ್ದದ್ದು ಸರಿಯಾಗಿ ಅಲ್ಲೇ. ಕಾಲ್ ಕಟ್ಟಾಯಿತು. ಗಾಜಿಗೆ ಮುದ್ದೂ ಒಂದು ಅಪ್ಪಣೆಯೇ.

ಅಕ್ಕ ನನಗೆ ಮೆಸೇಜು ಹಾಕಿದಳು: “ನನ್ನ ಮುಖ ನೋಡೋಕೂ ಆಗಲ್ಲ ಅಂದ್ರೆ ಬಿಡು, ಇನ್ನು ಮಾಡಲ್ಲ.”

ಉತ್ತರ ಟೈಪ್ ಮಾಡಿ ಅಳಿಸಿದೆ, ಮತ್ತೆ ಮಾಡಿ ಮತ್ತೆ ಅಳಿಸಿದೆ. ಅಮ್ಮನ ಬೆರಳಿನ ಅಷ್ಟು ಸಣ್ಣ ಚಲನೆ ಅಕ್ಷರಕ್ಕೆ ಸಿಗಲಿಲ್ಲ. ಕೊನೆಗೆ ಧೈರ್ಯ ಮಾಡಿ ಫೋನ್ ಮಾಡಿದೆ.

“ಅಮ್ಮ ಬೇಕಂತ ಕಟ್ ಮಾಡ್ಲಿಲ್ಲ ಕಣೆ. ನಿನ್ನ ಗದ್ದ ಹಿಡಿಯೋಕೆ ಹೋದ್ಲು.”



“ಫೋನ್ ಅವಳ ಕೈಗೇ ಕೊಡು,” ಎಂದಳು ಅಕ್ಕ. “ಕಟ್ಟಾದಷ್ಟು ಸಲ ಮಾಡ್ತೀನಿ.”