ಪಶ್ಚಿಮಕ್ಕೆ ಒಂದು ರೂಮು ಬಾಕಿ

ಕಾಪು
9 ಜನವರಿ 2025

ಮಸ್ಕತ್ ನಿವಾಸಿಗಳೂ, ಈ ಮನೆಯ ಯಜಮಾನರೂ, ನನ್ನ ಏಕಮಾತ್ರ ಪಪ್ಪನೂ ಆದ ಶ್ರೀ ಉಮಾನಾಥರ ಸನ್ನಿಧಾನಕ್ಕೆ,

ಮಗಳು ಆಶ್ರಿತಾಳ ಸಾಷ್ಟಾಂಗ. ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಅಂದರೆ ನಾನು ಮತ್ತು ಅಜ್ಜಿ. ಅಜ್ಜಿಯ ಮೊಣಕಾಲು ಮಾತ್ರ ಅಷ್ಟು ಕ್ಷೇಮ ಇಲ್ಲ, ಬಾಯಿ ಎಂದಿನ ಹಾಗೆ ಗಟ್ಟಿ ಉಂಟು. ದೀಪಾವಳಿಗೆ ನೀವು ಕಳಿಸಿದ ವಾಯ್ಸ್ ಮೆಸೇಜಿಗೆ ಈಗ ಜವಾಬು ಬರೆಯುತ್ತಿದ್ದೇನೆ. ತಡವಾದದ್ದು ನನ್ನದೇ ತಪ್ಪು, ಒಪ್ಪಿಕೊಂಡಿದ್ದೇನೆ.

ಕಾಗದ ಯಾಕೆ ಅಂತ ಕೇಳುತ್ತೀರಿ. ಫೋನಿನಲ್ಲಿ ನಾನು "ಅಡುಗೆಮನೆ" ಅಂದ ಕೂಡಲೇ ನಿಮ್ಮ ಕಡೆ ನೆಟ್‌ವರ್ಕ್ ಹೋಗುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ. ಕನ್ನಡ ಯಾಕೆ ಅಂದರೆ, ತುಳುವಿನಲ್ಲಿ ಹೇಳಿದರೆ ಜಗಳ ಆಗುತ್ತದೆ, ಕನ್ನಡದಲ್ಲಿ ಬರೆದರೆ ಅರ್ಜಿ ಆಗುತ್ತದೆ. ನೆರೆಮನೆಯ ಅಬ್ಬಾಸಾಕ ರಜೆ ಮುಗಿಸಿ ನಾಡಿದ್ದು ಮಸ್ಕತ್‌ಗೆ ಹೊರಡುತ್ತಾರೆ. ಅವರ ಕೈಯಲ್ಲಿ ಒಣಸಿಗಡಿ ಚಟ್ನಿಯ ಡಬ್ಬಿ, ಡಬ್ಬಿಯ ಅಡಿಯಲ್ಲಿ ಈ ಅರ್ಜಿ. ವಾಸನೆ ಬಂದರೆ ಅದು ಚಟ್ನಿಯದ್ದು ಅಂತ ತಿಳಿಯತಕ್ಕದ್ದು.

ವಿಷಯ: ಅಡುಗೆಮನೆಯನ್ನು ಒಡೆಯಲು ಬಿಡುವುದಿಲ್ಲ.

ಅರ್ಜಿ ಇಷ್ಟೇ. ಉಳಿದದ್ದು ವಿವರಣೆ.

ನಿಮ್ಮ ಮೆಸೇಜನ್ನು ನಾನು ಹನ್ನೊಂದು ಸಲ ಕೇಳಿದ್ದೇನೆ. "ಮನೆಯ ನಡುವಿನಲ್ಲಿ ಒಲೆ ಇಟ್ಟದ್ದೇ ತಪ್ಪಾಯಿತು ಆಶ್ರಿ. ಮನೆಯ ಹೃದಯದಲ್ಲಿ ಬೆಂಕಿ ಇದ್ದರೆ ಯಜಮಾನಿಯ ಹೃದಯ ಸುಡುತ್ತದೆಯಂತೆ. ಫೆಂಗ್‌ಶುಯಿಯವರು ಹೇಳಿದರು. ಒಡೆಸಿಬಿಡುವ. ಹಿಂದೆ ಶೀಟು ಹಾಕಿ ಅಲ್ಲಿ ಅಡುಗೆ ಮಾಡಿ." ಹೀಗಂತ ನೀವು ಹೇಳಿದ್ದು.

ನಿಮಗೆ ಫೋನಿನಲ್ಲೇ ದೋಷ ಹೇಳಿದ ಆ ಫೆಂಗ್‌ಶುಯಿಯವರು ನವೆಂಬರಿನಲ್ಲಿ ಖುದ್ದು ಬಂದರು. ಹೆಸರು ಸರ್ವೋತ್ತಮ. ಮೊದಲು ಮಣಿಪಾಲದಲ್ಲಿ ಹಾಸ್ಟೆಲ್ ಮಕ್ಕಳಿಗೆ ಬಣ್ಣದ ಮೀನು ಮಾರುತ್ತಿದ್ದರಂತೆ, ಈಗ ಮೀನಿನ ಜೊತೆ ಅದೃಷ್ಟವನ್ನೂ ಮಾರುತ್ತಾರೆ. ಕೆಟ್ಟ ಜನ ಅಲ್ಲ. ಚಪ್ಪಲಿಯನ್ನು ಹೊರಗೆ ಜೋಡಿಸಿ ಇಟ್ಟು, ಅಜ್ಜಿಗೆ ಕೈ ಮುಗಿದು, ವೆಲ್ವೆಟ್ ಬಟ್ಟೆಯಲ್ಲಿ ಸುತ್ತಿದ ತಟ್ಟೆಯಷ್ಟು ದೊಡ್ಡ ಚೀನಾದ ದಿಕ್ಸೂಚಿಯನ್ನು ಗ್ಯಾಸಿನ ಕಟ್ಟೆಯ ಮೇಲೆ ಇಟ್ಟರು. ಮುಳ್ಳು ನಡುಗಿ ತಿರುಗಿ ಮಿಕ್ಸಿಯ ಕಡೆ ನಿಂತಿತು.

"ಉತ್ತರ," ಅಂದರು.

"ಅದು ಕಡಲಿನ ಬದಿ ಮಾರಾಯ್ರೇ," ಅಂದರು ಅಜ್ಜಿ. "ನಾನು ಹುಟ್ಟಿದಾಗಿನಿಂದ ಅಲ್ಲಿ ಸೂರ್ಯ ಮುಳುಗುತ್ತಾನೆ."

ಚಾವಡಿಯ ಟೀಪಾಯಿಯ ಮೇಲೆ ಇಟ್ಟರು. ಅಲ್ಲಿ ಉತ್ತರ ತುಳಸಿಕಟ್ಟೆಯ ಕಡೆಗೆ ಹೋಯಿತು. ಮತ್ತೆ ಗ್ಯಾಸಿನ ಕಟ್ಟೆಗೆ ತಂದರು, ಈ ಸಲ ಸ್ವಲ್ಪ ಬದಿಗೆ ಇಟ್ಟರು, ಉತ್ತರ ಬೆಡ್‌ರೂಮಿಗೆ ಹೋಯಿತು. ಪಾಪ, ಹಣೆ ಒರೆಸಿಕೊಂಡು, "ಇಷ್ಟು ಅಶಾಂತವಾದ ಮನೆ ನನ್ನ ಸರ್ವಿಸಿನಲ್ಲಿ ನೋಡಿಲ್ಲ," ಅಂದರು. ಹಳೆಯ ಸ್ಪೀಕರಿನ ಅಯಸ್ಕಾಂತ ಎರಡು, ಒಂದು ಕಟ್ಟೆಯ ಅಡಿಗೆ, ಇನ್ನೊಂದು ಟೀಪಾಯಿಯ ಅಡಿಗೆ, ಟೇಪಿನಲ್ಲಿ ಅಂಟಿಸಿದ್ದು ಯಾರು ಅಂತ ನಾನು ಹೇಳಬೇಕಾಗಿಲ್ಲ. ಹೇಳುತ್ತೇನೆ. ನಾನು.

ಆದರೂ ಅವರು ಬಿಟ್ಟುಕೊಡಲಿಲ್ಲ. ಒಡೆಯದೆಯೂ ಸಮತೋಲನ ಮಾಡಬಹುದು ಅಂದರು. (ಇದನ್ನು ಅವರು ನಿಮಗೂ ಹೇಳಿದ್ದಾರಂತೆ, ನೀವೇ "ಬೇಡ, ಒಡೆಯುವುದೇ" ಅಂದಿರಂತೆ. ಇದನ್ನು ನೆನಪಿಟ್ಟುಕೊಂಡಿದ್ದೇನೆ.) ಬೆಂಕಿಯನ್ನು ತಣಿಸಲು ಮಣ್ಣು ಬೇಕು, ಮರ, ಲೋಹ, ನೀರು ಎಲ್ಲವೂ ಹದದಲ್ಲಿ ಇರಬೇಕು, ನೀರಿಗಾಗಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಒಂಬತ್ತು ಮೀನು.

ಅಜ್ಜಿ ಗಂಭೀರವಾಗಿ ಕೇಳಿದರು, "ಒಂಬತ್ತರಲ್ಲಿ ಪುಳಿಮುಂಚಿ ಆಗುತ್ತದಾ?"

"ಅದು ತಿನ್ನುವ ಮೀನಲ್ಲ ಅಮ್ಮ."

"ತಿನ್ನದ ಮೀನು ಅಡುಗೆಮನೆಯಲ್ಲಿ ಎಂತಕ್ಕೆ?"

ಆಮೇಲೆ ಅಜ್ಜಿ ಒಂದೊಂದೇ ತೋರಿಸಿದರು. ಮಣ್ಣಿಗೆ ಅಮ್ಮನ ಮೀನುಸಾರಿನ ಮಣ್ಣಿನ ಬಿಸಲೆ. ಮರಕ್ಕೆ ಅಮ್ಮ ಕೂರುತ್ತಿದ್ದ ಹಲಸಿನ ಮಣೆ. ಲೋಹಕ್ಕೆ ಮೆಟ್ಟುಕತ್ತಿ. ನೀರಿಗೆ ತಾಮ್ರದ ಹಂಡೆ. ಕಾರ್ಕಳದಿಂದ ಲಾರಿಯಲ್ಲಿ ತಂದು ನೆಲದಲ್ಲಿ ಹುಗಿದ ಕಡೆಯುವ ಕಲ್ಲು ಯಾವ ಲೆಕ್ಕಕ್ಕೆ ಅಂತ ಗೊತ್ತಾಗದೆ ಸರ್ವೋತ್ತಮರು ಅದರ ಪಕ್ಕ ಕುಳಿತು ಚಹಾ ಕುಡಿದರು. ಮೇಲಿನ ಗಾಜಿನ ಹಂಚಿನಿಂದ ಬಿಸಿಲು ಅವರ ಬೋಳು ತಲೆಯ ಮೇಲೆ ಚೌಕವಾಗಿ ಬಿತ್ತು. ಹೊರಡುವಾಗ, "ಇಲ್ಲಿ ಕುಳಿತರೆ ಏಳಲು ಮನಸ್ಸು ಬರುವುದಿಲ್ಲ ಅಲ್ವಾ," ಅಂದರು. ಅದು ಶಾಸ್ತ್ರದ ಮಾತಲ್ಲ ಅಂತ ಅವರಿಗೂ ಗೊತ್ತಿತ್ತು.

ಪಪ್ಪ, ಈ ಮನೆಯ ನಡುವಿಗೆ ಅಡುಗೆಮನೆಯನ್ನು ಯಾರೂ ತಂದು ಇಟ್ಟದ್ದಲ್ಲ. ಮನೆಯೇ ಅದರ ಸುತ್ತ ಬಂದದ್ದು. ನೀವು ಮದುವೆಯಾಗಿ ಮಸ್ಕತ್‌ಗೆ ಹೋಗುವಾಗ ಇದ್ದದ್ದು ಒಂದು ಒಲೆ, ಅದರ ಮೇಲೊಂದು ಮಾಡು. ಅಮ್ಮ ಮತ್ತು ಅಜ್ಜಿ ಅದರಲ್ಲೇ ಬೇಯಿಸಿ ಅದರಲ್ಲೇ ಮಲಗಿದರು. ಆಮೇಲೆ ನೀವು ಬಂದ ಒಂದೊಂದು ರಜೆಗೆ ಒಂದೊಂದು ರೂಮು. ಮೊದಲನೆಯ ರಜೆಗೆ ಪೂರ್ವಕ್ಕೆ ಚಾವಡಿ. ಎರಡನೆಯದಕ್ಕೆ ದಕ್ಷಿಣದ ಬೆಡ್‌ರೂಮು, ಅದೇ ರಜೆಯ ಇನ್ನೊಂದು ಫಲ ನಾನು. ಮೂರನೆಯದಕ್ಕೆ ಉತ್ತರದ ದೇವರಕೋಣೆ ಮತ್ತು ಬಚ್ಚಲು. ನಾಲ್ಕನೆಯದಕ್ಕೆ ಪಶ್ಚಿಮಕ್ಕೆ ಅಜ್ಜಿಯ ಕೋಣೆ. ನೀವು ಬಂದದ್ದನ್ನು ನಾವು ಕ್ಯಾಲೆಂಡರಿನಲ್ಲಿ ಅಲ್ಲ, ಗೋಡೆಯಲ್ಲಿ ನೆನಪಿಟ್ಟುಕೊಂಡವರು.

ಒಂದು ಸಲ ಮಾತ್ರ ನೀವು ಬಂದೂ ಏನೂ ಕಟ್ಟಲಿಲ್ಲ. ಅಮ್ಮನ ಬೊಜ್ಜಕ್ಕೆ, ಉತ್ತರಕ್ರಿಯೆಗೆ. ಕಂಪನಿಯಿಂದ ಪಾಸ್‌ಪೋರ್ಟು ಸಿಕ್ಕಿ ನೀವು ತಲುಪುವಾಗ ಅಮ್ಮ ತೀರಿ ಹನ್ನೆರಡು ದಿನ ಆಗಿತ್ತು. ಐದು ದಿನ ಇದ್ದಿರಿ. ಆ ಐದು ದಿನ ನೀವು ಚಾವಡಿಯಿಂದ ಬೆಡ್‌ರೂಮಿಗೆ ಹೋಗಲು ಅಂಗಳ ಸುತ್ತಿ ಹಿಂಬಾಗಿಲಿನಿಂದ ಹೋಗುತ್ತಿದ್ದಿರಿ, ನಡುವಿನಲ್ಲಿ ಅಡುಗೆಮನೆ ಸಿಗುತ್ತದೆ ಅಂತ. ಕುಡಿಯುವ ನೀರನ್ನೂ ಅಜ್ಜಿಯ ಹತ್ತಿರ ತರಿಸಿಕೊಂಡಿರಿ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಆಮೇಲೆ ಬರಲೇ ಇಲ್ಲ. ಬರುವ ಫೆಬ್ರವರಿಗೆ ಎರಡು ವರ್ಷ. ಹಾಗಾಗಿ ನಿಮಗೆ ಒಲೆಯ ದಿಕ್ಕಿನದ್ದು ತೊಂದರೆ ಅಂತ ನಾನು ನಂಬುವುದಿಲ್ಲ. ನಂಬುವಂತೆ ನಟಿಸುವುದೂ ಇಲ್ಲ.

ಇನ್ನು ಲಿಗೋರಿ ಮೇಸ್ತ್ರಿಯ ಪ್ರಕರಣ. ನಮ್ಮ ಪ್ರತಿಯೊಂದು ಗೋಡೆಯನ್ನೂ ಕಟ್ಟಿದ ಮನುಷ್ಯನಿಗೇ ಒಡೆಯಲು ಹೇಳಿದಿರಲ್ಲ, ನಿಮ್ಮ ಧೈರ್ಯಕ್ಕೆ ನಮಸ್ಕಾರ. ಡಿಸೆಂಬರಿನಲ್ಲಿ ಅವರು ಬರುತ್ತೇನೆ ಅಂದಾಗ ನಾನು ಅಜ್ಜಿಯ ಸ್ವರದಲ್ಲಿ ಫೋನು ಮಾಡಿದೆ. "ಲಿಗೋರೀ, ಕಾಲುನೋವು ಜೋರುಂಟು, ಮುಂದಿನ ವಾರ ನೋಡುವ." ಎರಡನೆಯ ಸಲ, ಅದೇ ಸ್ವರ, "ಮನೆಯಲ್ಲಿ ಸೂತಕ ಮಾರಾಯ, ಈಗ ಕೆಲಸ ಬೇಡ." ನನ್ನ ಸ್ವರದ ವಿದ್ಯೆ ನಿಮಗೆ ಗೊತ್ತುಂಟಲ್ಲ, ಶಾಲೆಯ ಹೆಡ್‌ಮಾಸ್ಟ್ರ ಸ್ವರದಲ್ಲಿ ರಜೆ ಸಾರಿದವಳು. ಆದರೆ ಲಿಗೋರಿ ಒಳ್ಳೆಯ ಮನುಷ್ಯ ಅನ್ನುವುದನ್ನು ಮರೆತೆ. ಮರುದಿನವೇ ಇಗರ್ಜಿಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು, ಮುಖ ಸಣ್ಣ ಮಾಡಿಕೊಂಡು ಮೆಟ್ಟಿಲು ಹತ್ತಿದರು.

"ಬೇಬಿಯಕ್ಕ, ಯಾರು ಹೋದದ್ದು?"

"ಎಲ್ಲಿಗೆ?" ಅಂದರು ಅಜ್ಜಿ.

"ಸೂತಕ ಅಂತ ನೀವೇ ಹೇಳಿದ್ದಲ್ವಾ ಫೋನಿನಲ್ಲಿ?"

ಅಜ್ಜಿ ನನ್ನ ಕಡೆ ತಿರುಗಿದರು. ನಾನು ಗಾಜಿನ ಹಂಚನ್ನು ನೋಡುತ್ತಿದ್ದೆ. "ಇವಳು ಇವತ್ತು ಹೋಗುತ್ತಾಳೆ," ಅಂದರು.

ಬೈಗುಳ ಎಲ್ಲ ಮುಗಿದ ಮೇಲೆ ಮೇಸ್ತ್ರಿ ಅಡುಗೆಮನೆಗೆ ಬಂದು ಗೋಡೆಯನ್ನು ಬೆರಳಿನಿಂದ ಬಡಿದು ನೋಡಿದರು. ಮತ್ತೆ ಕೇಳಿದರು, "ಇದು ನಡುವಿನಲ್ಲಿ ಉಂಟು ಅಂತ ಹೇಳಿದ್ದು ಯಾರು?"

"ಎಲ್ಲರೂ," ಅಂದೆ.

"ಯಾರೂ ಹಿತ್ತಲಿಗೆ ಹೋಗಿ ನೋಡಿಲ್ಲ." ಇದ್ದಲಿನ ತುಂಡು ತೆಗೆದುಕೊಂಡು ನೆಲದಲ್ಲಿ ಮನೆಯ ಚಿತ್ರ ಬರೆದರು. ಅಜ್ಜಿಯ ಕೋಣೆಯ ಆಚೆ ಪಶ್ಚಿಮಕ್ಕೆ ಇನ್ನೊಂದು ಚೌಕ. "ಇದರ ಅಡಿಪಾಯದ ಪಂಚಾಂಗ ಹಾಕಿ ಆಗಿದೆ. ಉಮಾನಾಥಣ್ಣ ಯಜಮಾನಿ ತೀರುವ ಮೊದಲಿನ ರಜೆಯಲ್ಲಿ ಬಂದು ಹಾಕಿಸಿದ್ದು, ಹೊಲಿಗೆ ಮೆಷಿನ್ನು ಇಡಲು ಅವರಿಗೊಂದು ರೂಮು ಬೇಕು ಅಂತ. ಗೋಡೆ ಮುಂದಿನ ರಜೆಗೆ ಅಂದಿದ್ದರು."

ಹಿತ್ತಲಿಗೆ ಹೋಗಿ ಹುಲ್ಲು ಸರಿಸಿದೆವು. ಉಂಟು ಪಪ್ಪ. ಕೆಂಪುಕಲ್ಲಿನ ಅಡಿಪಾಯ, ನಾಲ್ಕು ಮೂಲೆಯೂ ಸರಿಯಾಗಿ. ಒಂದು ಕಲ್ಲಿನ ಸಂದಿಯಲ್ಲಿ ಕೆಸು ಬೆಳೆದಿದೆ. ಆ ರೂಮು ಎದ್ದರೆ ಮನೆ ಪಶ್ಚಿಮಕ್ಕೆ ಉದ್ದ ಆಗುತ್ತದೆ, ನಡು ಜರುಗಿ ಅಜ್ಜಿಯ ಮಂಚದ ಹತ್ತಿರ ಬೀಳುತ್ತದೆ. ಸರ್ವೋತ್ತಮರಿಗೆ ಫೋನು ಮಾಡಿ, ನನ್ನದೇ ಸ್ವರದಲ್ಲಿ, ಕೇಳಿದೆ. ಅವರು ಕಾಗದದಲ್ಲಿ ಗೀಟು ಹಾಕಿ ನೋಡಿ, "ಶಾಸ್ತ್ರಪ್ರಕಾರ ಸರಿ ಉಂಟು, ಅಡುಗೆಮನೆಗೆ ದೋಷವೇ ಇರುವುದಿಲ್ಲ," ಅಂದರು. ಅಯಸ್ಕಾಂತದ ವಿಷಯವನ್ನೂ ಹೇಳಿದೆ. ತುಂಬ ಹೊತ್ತು ನಕ್ಕರು.

ಅಜ್ಜಿ ಹೇಳಿದ್ದು: "ನಾನು ನಡುವಿನಲ್ಲಿ ಮಲಗಿದರೆ ಯಾವ ಚೀನಾದವನಿಗೂ ತೊಂದರೆ ಇಲ್ಲ. ನಿನ್ನ ಪಪ್ಪನಿಗೆ ಬರೆ, ಬಂದು ಗೋಡೆ ಎಬ್ಬಿಸಲಿ."

ಲಿಗೋರಿಯೂ ಒಂದು ಮಾತು ಕಳಿಸಿದ್ದಾರೆ: ಯಜಮಾನ ಎದುರಿಗೆ ನಿಲ್ಲದೆ ಈ ಮನೆಯಲ್ಲಿ ಒಂದು ಕಲ್ಲನ್ನೂ ಇಟ್ಟಿಲ್ಲ, ಹಾಗಾಗಿ ತೆಗೆಯುವುದೂ ಇಲ್ಲ.

ಇನ್ನು ನನ್ನ ನಿರ್ಧಾರ. ಬೇರೆ ಊರಿನ ಮೇಸ್ತ್ರಿಯನ್ನು ಕಳಿಸಿದರೆ ನಾನು ಒಲೆಯ ಮೇಲೆ ಹತ್ತಿ ಕೂರುತ್ತೇನೆ. ಗ್ಯಾಸ್ ಬಂದ್ ಮಾಡಿಯೇ ಕೂರುತ್ತೇನೆ, ಹೆದರಬೇಡಿ. ಅಜ್ಜಿಗೆ ಕಡೆಯುವ ಕಲ್ಲಿನ ಮೇಲೆ ಜಾಗ ಕಾದಿರಿಸಿದೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂತ ತಿಳಿಯಬೇಡಿ. ಅಮ್ಮ ಇದ್ದ ಜಾಗ ಅದೊಂದೇ. ಮನೆಯ ಯಾವ ಮೂಲೆಯಿಂದ ಕರೆದರೂ ಅವಳು ಅಲ್ಲಿಂದ ಓಗೊಡುತ್ತಿದ್ದಳು, ಎದ್ದು ಬರಬೇಕಾಗಿರಲಿಲ್ಲ. ಅದನ್ನು ಶೀಟಿನ ಕೆಳಗೆ ಹಾಕಲು ನಾನು ಬಿಡುವುದಿಲ್ಲ.

ಅಜ್ಜಿ ಆಶೀರ್ವಾದ ಹೇಳಲು ಹೇಳಿದ್ದಾರೆ, ಜೊತೆಗೆ ಚಟ್ನಿಗೆ ಒದ್ದೆ ಚಮಚ ಹಾಕಬಾರದಂತೆ. ನಿಮ್ಮ ಆರೋಗ್ಯ ಗಟ್ಟಿ ಇರಲಿ, ಇಲ್ಲಿ ಕಲ್ಲು ಹೊರುವ ಕೆಲಸ ಉಂಟು.

ಆಜ್ಞೆ ಮೀರಿದ, ಮೀರುತ್ತಲೇ ಇರುವ,
ನಿಮ್ಮ ಆಶ್ರಿ

ತಾ.ಕ.: ಇದನ್ನು ಬರೆಯದೆ ಡಬ್ಬಿ ಮುಚ್ಚಲು ಹೊರಟಿದ್ದೆ. ಅಮ್ಮ ಹೋಗುವ ಮೊದಲಿನ ಎರಡು ಶುಕ್ರವಾರ ನೀವು ಫೋನಿನಲ್ಲಿ ಮಾತಾಡಿದ್ದು ಅಮ್ಮನ ಹತ್ತಿರ ಅಲ್ಲ, ನನ್ನ ಹತ್ತಿರ. ಅವಳಿಗೆ ಎರಡು ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ಮಣಿಪಾಲದ ಆಸ್ಪತ್ರೆಗೆ ಹೋಗುವ ಅಂದರೆ "ಬರೀ ಗ್ಯಾಸ್ಟ್ರಿಕ್" ಅನ್ನುತ್ತಿದ್ದಳು. ಮಣೆಯ ಮೇಲೆ ಕುಳಿತು ಫೋನನ್ನು ನನ್ನ ಕೈಗೆ ಕೊಟ್ಟಳು: "ಒಂದು ಸಲ ನನ್ನ ಸ್ವರ ಮಾಡು. ಪಪ್ಪ ಅಲ್ಲಿ ಒಬ್ಬರೇ ಹೆದರುವುದು ಬೇಡ. ಏಪ್ರಿಲಿಗೆ ಬರುತ್ತಾರಲ್ಲ." ನಾನು ಕ್ಯಾಮೆರಾವನ್ನು ಗಾಜಿನ ಹಂಚಿಗೆ ತಿರುಗಿಸಿದೆ. ನೀವು "ಊಟ ಆಯಿತಾ?" ಅಂದಿರಿ. "ಆಯಿತು, ಬಂಗುಡೆ. ನಿಮಗೆ?" ಅಂದೆ. ನೀವು ನಕ್ಕಿರಿ. ಅಮ್ಮನೂ ನಕ್ಕಳು, ಒಂದು ಕೈಯಲ್ಲಿ ಬಾಯಿ, ಇನ್ನೊಂದರಲ್ಲಿ ಎದೆ ಹಿಡಿದುಕೊಂಡು. ನಾನು ಅಷ್ಟು ಚೆನ್ನಾಗಿ ಯಾರ ಸ್ವರವನ್ನೂ ಮಾಡಿದ್ದಿಲ್ಲ. ಅದಕ್ಕೇ ಮುಂದಿನ ಶುಕ್ರವಾರವೂ ಮಾಡಿದೆ. ಮಂಗಳವಾರ ಅವಳು ಹೋದಳು. ಮಾಡದೆ ಇದ್ದಿದ್ದರೆ ನಿಮಗೆ ಆವತ್ತೇ ಗೊತ್ತಾಗುತ್ತಿತ್ತು. ಅಡುಗೆಮನೆ ಏನೂ ಮಾಡಿಲ್ಲ ಪಪ್ಪ. ಮಾಡಿದ್ದು ನಾನು. ಬೈಯಬೇಕಾದರೆ ನನಗೆ ಬೈಯಿರಿ, ಆದರೆ ಮಸ್ಕತ್‌ನಿಂದ ಅಲ್ಲ. ಇಲ್ಲಿಗೆ ಬಂದು ಬೈಯಿರಿ. ನಾನು ಒಲೆಯ ಹತ್ತಿರವೇ ಇರುತ್ತೇನೆ. ಅಂಗಳ ಸುತ್ತಿ ಬರಬೇಡಿ.