ಹಲ್ಲುಸೆಟ್ಟಿಗೆ ಅರ ಹಾಕಿದ್ದು

ಜನವರಿ 9, ಬೆಳಗ್ಗೆ

ಇವತ್ತೂ ಇಡ್ಲಿಯೇ. ಹಲ್ಲೆಲ್ಲ ಕೀಳಿಸಿದಾಗಿನಿಂದ ಹೆಂಡತಿ ಕಸ್ತೂರಿ ಬೇರೇನೂ ಬಡಿಸಿಲ್ಲ.

ಹರಿಹರದಿಂದ ಕರೀಂ ಸಾಬ್ ವಿಡಿಯೋ ಕಾಲ್. ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ನನ್ನ ಜೋಡಿಯಾಗಿದ್ದವನು. ಈಗ ಅವನ ಕಿವಿ ಪೂರ್ತಿ ಹೋಗಿದೆ. ತುಟಿ ನೋಡಿಯೇ ಮಾತು ಹಿಡಿಯುತ್ತಾನೆ. ಮಷೀನುಗಳ ಗದ್ದಲದಲ್ಲಿ ನಾವೆಲ್ಲ ಕಲಿತ ವಿದ್ಯೆ ಅದು... ಎಂಥ ದಿನಗಳು. ಆದರೆ ನನ್ನ ತುಟಿ ಈಗ ಒಳಗೆ ಮಡಚಿಕೊಂಡಿದೆ.

"ಏನೂ ತಿಳೀತಿಲ್ಲ ಮುರುಗೇಶಪ್ಪ. ಇಟ್ಟುಬಿಡು ಫೋನು" ಎಂದ.

ಕನ್ನಡ ಓದಲು ಬಾರದವನು. ಮೆಸೇಜ್ ಕಳಿಸಿಯೂ ಉಪಯೋಗವಿಲ್ಲ.

ಜನವರಿ 20

ಹಲ್ಲುಸೆಟ್ ಬಂತು. ಡಾಕ್ಟರ್ ರಶ್ಮಿತಾ, ನನ್ನ ಮಗಳ ವಯಸ್ಸು. ಮೇಲಿನ ಕೆಳಗಿನ ಹಲ್ಲುಗಳ ನಡುವೆ ನೀಲಿ ಕಾಗದ ಇಟ್ಟು "ಕಚ್ರಿ" ಎಂದರು. ನೀಲಿ ಹತ್ತಿದ ಕಡೆ ಉಬ್ಬು. ಅಲ್ಲಿ ಸ್ವಲ್ಪ ಉಜ್ಜಿ ಸವೆಸಿದರು.

ಟೂಲ್ ರೂಮಿನಲ್ಲಿ ನಾವೂ ಲೇತ್ ಮಷೀನಿನ ಕಬ್ಬಿಣದ ಬೆಡ್ಡಿಗೆ ನೀಲಿ ಹಚ್ಚಿ, ಉಬ್ಬು ಹುಡುಕಿ ಕೆರೆಯುತ್ತಿದ್ದೆವು. ಆ ಕಡೆ ಕರೀಂ, ಈ ಕಡೆ ನಾನು.

"ನೋವಾದ್ರೆ ಬರ್ರಿ. ನೀವೇನೂ ಮಾಡಾಕ ಹೋಗಬ್ಯಾಡ್ರಿ" ಎಂದರು.

ಜನವರಿ 22

ವಸಡು ಉರಿ. ಕಾರ್ಬನ್ ಪೇಪರ್ ತಂದೆ. ಹಳೆಯ ಸಣ್ಣ ಅರ ಇದ್ದೇ ಇತ್ತು. ಕಚ್ಚಿದೆ, ಉಜ್ಜಿದೆ, ಮತ್ತೆ ಕಚ್ಚಿದೆ. ಹಿಂದಿನ ಹಲ್ಲಿಗೆಲ್ಲ ಸಮನಾಗಿ ನೀಲಿ ಬರುವವರೆಗೆ ಬಿಡಲಿಲ್ಲ. ಕೈ ಏನೂ ಮರೆತಿಲ್ಲ.

ಕಸ್ತೂರಿ ಬಾಗಿಲಲ್ಲಿ ನಿಂತಳು. "ಬಾಯಿ ಏನ್ ಲೇತ್ ಮಷೀನಾ? ಡಾಕ್ಟ್ರು ಯಾಕ ಅದಾರ?"

ಜನವರಿ 23

ಸೆಟ್ ಹಾಕಿಕೊಂಡರೂ ಕನ್ನಡಿಯಲ್ಲಿ ತುಟಿ ಮತ್ತೆ ಒಳಗೆ. ಗದ್ದ ಮೂಗಿಗೆ ಹತ್ತಿರ. ಕರೀಂಗೆ ಕಾಲ್ ಮಾಡಿದೆ. ನೋಡಿದ, ತಲೆ ಅಲ್ಲಾಡಿಸಿದ, ಕಟ್ ಮಾಡಿದ.

ಹೀಗೇ ಆದರೆ ಮಾತಾಡುವುದನ್ನೇ ಬಿಟ್ಟುಬಿಡುತ್ತಾನೆ. ಅದೇ ಭಯ.

ಫೆಬ್ರವರಿ 2

ನಾಚಿಕೆ ಬಿಟ್ಟು ಹೋದೆ. ರಶ್ಮಿತಾ ಸೆಟ್ಟನ್ನು ಬೆಳಕಿಗೆ ಹಿಡಿದರು. "ಫಿನಿಶಿಂಗ್ ನಮ್ಮ ಲ್ಯಾಬಿಗಿಂತ ಚೊಲೋ ಐತ್ರಿ. ಆದ್ರೆ ಸೆಟ್ ಹೋತು."

ವಸಡು ಕಬ್ಬಿಣವಲ್ಲ, ಒತ್ತಿದರೆ ತಗ್ಗುತ್ತದಂತೆ. ಹಿಂದಿನ ಹಲ್ಲು ಸವೆದರೆ ಮುಖವೇ ಕುಗ್ಗುತ್ತದಂತೆ. ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

"ಮತ್ತೆ ನೀವು ಯಾವುದನ್ನ ನೋಡಿ ಅಳತೆ ಇಡ್ತೀರಿ?" ಕೇಳಿದೆ.

"ನೀವು ಮಾತಾಡೋದನ್ನ ನೋಡಿ. ಯಾರ ಜೊತಿ ಮಾತಾಡ್ಬೇಕು ಹೇಳ್ರಿ."

ಕರೀಂ ವಿಷಯ ಹೇಳಿದೆ.

ಫೆಬ್ರವರಿ 12

ಮೇಣದಲ್ಲಿ ಕೂರಿಸಿದ ಹೊಸ ಹಲ್ಲು. ರಶ್ಮಿತಾ ಅದನ್ನು ನನ್ನ ಬಾಯಲ್ಲಿಟ್ಟು ಮಾತಾಡಿಸಿದರು. ತಾವು ಎರಡೂ ಕಿವಿ ಮುಚ್ಚಿಕೊಂಡು ನನ್ನ ತುಟಿ ನೋಡಿದರು. ಮುಂದಿನ ಹಲ್ಲು ಕೂದಲೆಳೆಯಷ್ಟು ಹೊರಗೆ ತಂದರು. ಮತ್ತೆ ಮಾತು, ಮತ್ತೆ ಕೂದಲೆಳೆ. ಟೂಲ್ ರೂಮಿನಲ್ಲಿದ್ದಿದ್ದರೆ ಈಕೆಗೆ ನನ್ನ ಬೆಂಚನ್ನೇ ಬಿಟ್ಟುಕೊಡುತ್ತಿದ್ದೆ.

ಫೆಬ್ರವರಿ 25, ಹರಿಹರ

ಕರೀಂ ಮನೆಯ ಪಡಸಾಲೆ. ಬಾಯಲ್ಲಿ ಹೊಸ ಸೆಟ್. ಕೂರುವ ಮೊದಲೇ ಹಳೆಯ ಅಭ್ಯಾಸದಂತೆ ಶಬ್ದವಿಲ್ಲದೆ ಕೇಳಿದೆ — ಚಹಾ ಆಯ್ತಾ?

ತುಟಿಯನ್ನೇ ನೋಡಿದ.

"ಇನ್ನೂ ಇಲ್ಲ. ಸಕ್ಕರಿ ಬ್ಯಾಡ ಅಂತ ಒಳಗೆ ಹೇಳು."

ಕಣ್ಣು ತುಂಬಿ ಬಂತು. ಅವನಿಗೂ. ಆಮೇಲೆ ಅವನೂ ಶಬ್ದ ಬಿಟ್ಟ. ಬರೀ ತುಟಿ. ಈಗಲೂ ಎದುರಿಗೇ ಕೂತು ಏನೋ ಹೇಳುತ್ತಿದ್ದಾನೆ, ತಲೆ ತಗ್ಗಿಸಿ ಬರೆಯುತ್ತಾ ಕೂತರೆ ನನಗೆ ಅವನ ತುಟಿ ಹೇಗೆ —